ಆ ಕೋಣೆಯ ಕಪ್ಪು

ಪೀಟರ್ ಬುಲ್ ನಗು ತಡೆದುಕೊಳ್ಳಲಾಗದೆ ಒದ್ದಾಡುತ್ತಿದ್ದಾರೆ. ‘ಡಾ. ಸ್ಟ್ರೇಂಜ್‌ಲವ್’ ಚಿತ್ರದ ಕೊನೆಯ ಭಾಗ ಅದು. ಗಾಲಿಕುರ್ಚಿಯಲ್ಲಿ ಕುಳಿತ ಪೀಟರ್ ಸೆಲ್ಲರ್ಸ್ ಅವರ ಕರಿ ಕೈಗವಸಿನ ಬಲಗೈ ತಾನಾಗಿಯೇ ಮೇಲೆದ್ದು ಹಿಟ್ಲರನಿಗೆ ಸಲಾಮು ಹೊಡೆಯುತ್ತದೆ. ಎಡಗೈಯಿಂದ ಅದನ್ನು ಬಡಿದು ಕೆಳಗಿಳಿಸಿದರೆ ಒಡೆಯನ ಕುತ್ತಿಗೆಯನ್ನೇ ಹಿಸುಕಲು ಹೋಗುತ್ತದೆ. ಹಿಂದೆ ಸೋವಿಯತ್ ರಾಯಭಾರಿಯಾಗಿ ಬುಲ್ ನಿಂತಿದ್ದಾರೆ. ಮುಖ ಗಂಭೀರವಾಗಿಯೇ ಇದೆ, ಆದರೆ ತುಟಿಯ ಅಂಚು ಅದುರಿ ಒಂದು ನಗು ಇಣುಕುತ್ತದೆ, ಮರುಗಳಿಗೆಯಲ್ಲಿ ಮಾಯವಾಗುತ್ತದೆ.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ, ಆಮೇಲೆ ಡಿವಿಡಿಯಲ್ಲಿ. ಎಷ್ಟು ಸಲ ನೋಡಿದರೂ ಬುಲ್ ಅವರ ಆ ನಗು ಕಣ್ಣಿಗೆ ಬಿದ್ದಿರಲಿಲ್ಲ. ಅವರ ಮುಖ ಬೂದು ಮಂಜಿನಲ್ಲಿ ಕಲಸಿಹೋಗಿತ್ತು. ಒಳ್ಳೆಯ ಡಿಸ್ಕ್ ಕೈಗೆ ಬಂದ ರಾತ್ರಿ ಅದನ್ನು ಕಂಡು, ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದೆ. ಹಳೆಯ ಚಿತ್ರಗಳ ಡಿಸ್ಕುಗಳಿಗೆ ದುಡ್ಡು ಸುರಿಯುವ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಸಂತೋಷ ಕಡಿಮೆ.

ಕಥೆ ಬಹಳ ಜನಕ್ಕೆ ಗೊತ್ತು. ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವುದು ಕಮ್ಯುನಿಸ್ಟರ ಪಿತೂರಿ ಎಂದು ನಂಬಿದ ಅಮೆರಿಕದ ಒಬ್ಬ ವಾಯುಪಡೆ ಜನರಲ್, ಯಾರ ಅಪ್ಪಣೆಯೂ ಇಲ್ಲದೆ ಬಿ-52 ವಿಮಾನಗಳನ್ನು ರಷ್ಯಾದ ಮೇಲೆ ಕಳಿಸುತ್ತಾನೆ. ಅವುಗಳನ್ನು ಹೇಗೆ ವಾಪಸು ಕರೆಸಬೇಕೆಂದು ಅಧ್ಯಕ್ಷ, ಸೇನಾಧಿಕಾರಿಗಳು, ರಾಯಭಾರಿ ಎಲ್ಲರೂ ಯುದ್ಧಕೋಣೆಯಲ್ಲಿ ಕುಳಿತು ಚರ್ಚಿಸುತ್ತಾರೆ. ಸ್ಟ್ಯಾನ್ಲಿ ಕುಬ್ರಿಕ್ ಇದನ್ನು ಪೀಟರ್ ಜಾರ್ಜ್ ಅವರ 1958ರ ‘ರೆಡ್ ಅಲರ್ಟ್’ ಕಾದಂಬರಿಯಿಂದ ಎತ್ತಿಕೊಂಡರು. ಕಾದಂಬರಿಯಲ್ಲಿ ತಮಾಷೆಯ ಸುಳಿವಿಲ್ಲ, ಕುಬ್ರಿಕ್ ಕೂಡ ಗಂಭೀರ ಚಿತ್ರವನ್ನೇ ಮಾಡಲು ಹೊರಟಿದ್ದರು. ಬರೆಯುತ್ತ ಹೋದಂತೆ, ನಗೆಪಾಟಲಾಗುತ್ತದೆಂದು ತಾವು ಬದಿಗಿಡುತ್ತಿದ್ದ ಸಂಗತಿಗಳೇ ನಿಜಕ್ಕೆ ಹೆಚ್ಚು ಹತ್ತಿರ ಅನ್ನಿಸಿ, ಟೆರ್ರಿ ಸದರ್ನ್ ಅವರನ್ನು ಜೊತೆಗೆ ಸೇರಿಸಿಕೊಂಡು ವಿಡಂಬನೆಗೆ ತಿರುಗಿದರು. 1963ರ ನವೆಂಬರ್ 22ರಂದು ಕೆನಡಿ ಹತ್ಯೆಯಾಯಿತು. ಬಿಡುಗಡೆಯನ್ನು 1964ರ ಜನವರಿಗೆ ಮುಂದೂಡಿದರು. ವಿಮಾನದ ಕ್ಯಾಪ್ಟನ್ ಮೇಜರ್ ಕಾಂಗ್ ತುರ್ತು ಸಾಮಗ್ರಿಯ ಪಟ್ಟಿ ಓದಿ ಮುಗಿಸಿ ಹೇಳುವ ಮಾತಿನಲ್ಲಿ ಡಲ್ಲಾಸ್ ಊರಿನ ಹೆಸರಿತ್ತು, ಹತ್ಯೆ ನಡೆದ ಊರೇ ಅದು. ಡಬ್ಬಿಂಗಿನಲ್ಲಿ ಅದನ್ನು ವೇಗಸ್ ಮಾಡಿದರು. ನಟ ಸ್ಲಿಮ್ ಪಿಕೆನ್ಸ್ ಅವರ ತುಟಿ ಮಾತ್ರ ಇಂದಿಗೂ ಡಲ್ಲಾಸ್ ಎಂದೇ ಹೇಳುತ್ತದೆ. ಗಮನವಿಟ್ಟು ನೋಡಿ.

ಇದು ನಗಿಸುವ ಚಿತ್ರ. ಆದರೆ ಕುಬ್ರಿಕ್ ಮತ್ತು ಛಾಯಾಗ್ರಾಹಕ ಗಿಲ್ಬರ್ಟ್ ಟೇಲರ್ ಇದನ್ನು ಹಾಸ್ಯಚಿತ್ರದ ಹಾಗೆ ಚಿತ್ರೀಕರಿಸಲಿಲ್ಲ, ನನ್ನ ಇಡೀ ವಾದ ನಿಂತಿರುವುದೂ ಇದರ ಮೇಲೆಯೇ. ಆ ಜನರಲ್‌ನ ವಾಯುನೆಲೆಯಲ್ಲಿ ನಡೆಯುವ ಕಾಳಗವನ್ನು ಕುಬ್ರಿಕ್ ಸ್ವತಃ ಕ್ಯಾಮೆರಾ ಕೈಯಲ್ಲಿ ಹಿಡಿದು ಯುದ್ಧದ ನ್ಯೂಸ್‌ರೀಲಿನಂತೆ ತೆಗೆದರು. ವಿಮಾನದೊಳಗಿನ ದೃಶ್ಯಗಳಲ್ಲಿ ಸೈನಿಕರ ಮುಖಕ್ಕೆ ಅಲ್ಲಿನ ಇಕ್ಕಟ್ಟಿನಷ್ಟೇ ಬೆಳಕು. ಪಿಕೆನ್ಸ್ ನಿಜವಾದ ರೋಡಿಯೋ ಸವಾರ. ಚಿತ್ರದಲ್ಲಿ ಮೂರು ಪಾತ್ರ ಮಾಡಿದ ಸೆಲ್ಲರ್ಸ್ ಅವರೇ ಕಾಂಗ್ ಕೂಡ ಆಗಬೇಕಿತ್ತು; ಅವರ ಕಾಲಿಗೆ ಪೆಟ್ಟಾಗಿ ಆ ನಾಲ್ಕನೆಯ ಪಾತ್ರ ಇವರ ಪಾಲಿಗೆ ಬಂತು, ಇವರು ಅದನ್ನು ದೇಶಕ್ಕಾಗಿ ಪ್ರಾಣ ಕೊಡಲು ಹೊರಟ ಯೋಧನಂತೆಯೇ ಅಭಿನಯಿಸಿದರು. ಯುದ್ಧಕೋಣೆಯಲ್ಲಿ ಜಾರ್ಜ್ ಸಿ. ಸ್ಕಾಟ್ ಅವರ ಜನರಲ್ ಟರ್ಜಿಡ್‌ಸನ್ ಮುಖ ಹಿಂಡುತ್ತಾನೆ, ಚೂಯಿಂಗ್ ಗಮ್ ಜಗಿಯುತ್ತಾನೆ, ನಡೆಯುತ್ತಲೇ ಬಿದ್ದು ಉರುಳಿ ಎದ್ದು ಮಾತು ಮುಂದುವರಿಸುತ್ತಾನೆ. ಅವನ ಮೇಲೆ ಬೀಳುವ ಬೆಳಕಿಗೆ ಮಾತ್ರ ಈ ಚೇಷ್ಟೆಯ ಪರಿವೆಯಿಲ್ಲ. ಆ ಬೆಳಕಿನ ಗಾಂಭೀರ್ಯ ಕೈತಪ್ಪಿದರೆ ಉಳಿಯುವುದು ಹಳೆಯದೊಂದು ಟಿವಿ ಪ್ರಹಸನ.

ಯುದ್ಧಕೋಣೆಯ ವಿಷಯಕ್ಕೆ ಬರುತ್ತೇನೆ. ‘ಡಾ. ನೋ’ ಚಿತ್ರದ ಸೆಟ್ಟುಗಳನ್ನು ಕಟ್ಟಿದ ಕೆನ್ ಆಡಮ್ ಲಂಡನ್ ಹತ್ತಿರದ ಶೆಪರ್ಟನ್ ಸ್ಟುಡಿಯೋದಲ್ಲಿ ಇದನ್ನು ನಿರ್ಮಿಸಿದರು. ಓರೆಯಾಗಿ ಮೇಲೇರಿ ಕೂಡಿಕೊಳ್ಳುವ ಗೋಡೆಗಳು, ಕನ್ನಡಿಯಂತೆ ಹೊಳೆಯುವ ಕಪ್ಪು ನೆಲ, ಸುಮಾರು 22 ಅಡಿ ಅಗಲದ ದುಂಡು ಮೇಜು, ಅದರ ನೆತ್ತಿಯಲ್ಲಿ ತೂಗುವ ದೀಪಗಳ ಬಳೆ. ಕುಳಿತವರ ಮುಖಗಳಿಗೆಲ್ಲ ಬಹುಪಾಲು ಬೆಳಕು ಆ ಬಳೆಯದೇ. ಚಿತ್ರ ಕಪ್ಪು-ಬಿಳುಪಾದರೂ ಮೇಜಿಗೆ ಹಸಿರು ಬಟ್ಟೆಯನ್ನೇ ಹೊದಿಸಬೇಕೆಂದು ಕುಬ್ರಿಕ್ ಹಟ ಹಿಡಿದರು. ಜಗತ್ತನ್ನೇ ಪಣಕ್ಕಿಟ್ಟು ಇಸ್ಪೀಟು ಆಡಲು ಕುಳಿತಿದ್ದೇವೆಂದು ನಟರಿಗೆ ಅನ್ನಿಸಬೇಕಿತ್ತು. ತೆರೆಯ ಮೇಲೆ ಆ ಹಸಿರು ಬೂದಾಗುತ್ತದೆ, ಆದರೆ ಅದು ಒಂದು ನಿರ್ದಿಷ್ಟ ಬೂದು: ಕಾಗದಗಳ ಬಿಳಿಗೂ ನೆಲದ ಕಪ್ಪಿಗೂ ನಡುವೆ ನಿಂತು ಬೆಳಕನ್ನು ಹೀರಿಕೊಳ್ಳುವಂಥದು. ಹಳೆಯ ಡಿವಿಡಿಯಲ್ಲಿ ಮೇಜು, ಸೂಟು, ನೆಲ ಎಲ್ಲವೂ ಒಂದೇ ಹೊಗೆಬಣ್ಣ. ದೀಪದ ಬಳೆ ಒಂದು ಬಿಳಿ ಗೀಟು.

ಇದಕ್ಕೆ ಕಾರಣ ಬರಿಯ ತಂತ್ರಜ್ಞಾನವಲ್ಲ. ಈ ಚಿತ್ರದ ಮೂಲ ಕ್ಯಾಮೆರಾ ನೆಗೆಟಿವ್ ಉಳಿದೇ ಇಲ್ಲ. ಸೋನಿ ಸಂಸ್ಥೆಯ ಗ್ರೋವರ್ ಕ್ರಿಸ್ಪ್ ಅವರ ತಂಡ, ಉಳಿದಿದ್ದ ಎರಡನೆಯ ಮೂರನೆಯ ತಲೆಮಾರಿನ ಪ್ರತಿಗಳನ್ನು ಕಲೆಹಾಕಿ, ಎಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು ಆರಿಸಿ, 4ಕೆ ಗುಣಮಟ್ಟದಲ್ಲಿ ಜೀರ್ಣೋದ್ಧಾರ ಮಾಡಿತು. ಹಾಗಾಗಿ ಒಳ್ಳೆಯ ಡಿಸ್ಕಿನಲ್ಲೂ ಎಲ್ಲ ದೃಶ್ಯಗಳು ಒಂದೇ ತೆರನಾಗಿಲ್ಲ. ಒಂದು ಶಾಟ್ ಸೂಜಿಮೊನೆಯಷ್ಟು ಚೂಪಾಗಿದ್ದರೆ ಮುಂದಿನದು ತುಸು ಮೆತ್ತಗಿರುತ್ತದೆ. ಅದನ್ನು ದೋಷವೆಂದು ನಾನು ಹೇಳಲಾರೆ. ಇಲ್ಲದ ನೆಗೆಟಿವ್ ಅನ್ನು ಕಂಪ್ಯೂಟರಿನಿಂದ ಸೃಷ್ಟಿಸಲು ಹೋಗದೆ, ಇದ್ದುದನ್ನು ಪ್ರಾಮಾಣಿಕವಾಗಿ ಉಳಿಸಿಕೊಟ್ಟಿದ್ದಾರೆ.

ಚೌಕಟ್ಟಿನ ತಕರಾರು ಬೇರೆಯದೇ. ಕುಬ್ರಿಕ್ ಒಪ್ಪಿಗೆಯಿಂದ ಕ್ರೈಟೀರಿಯನ್ ಸಂಸ್ಥೆ ತಂದ ಲೇಸರ್ ಡಿಸ್ಕಿನಲ್ಲೂ ಆಮೇಲಿನ ಡಿವಿಡಿಯಲ್ಲೂ ಚಿತ್ರದ ಅಗಲ-ಎತ್ತರದ ಅನುಪಾತ ಒಂದು ಶಾಟಿನಲ್ಲಿ 1.33:1, ಇನ್ನೊಂದರಲ್ಲಿ 1.66:1. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಹೋಗುತ್ತದೆ. ಕ್ಯಾಮೆರಾದಲ್ಲೇ ಕೆಲವು ಶಾಟುಗಳಿಗೆ ಮರೆ ಹಾಕಿ, ಕೆಲವಕ್ಕೆ ಹಾಕದೆ ಬಿಟ್ಟಿದ್ದರ ಫಲ ಅದು. ಚೌಕ ಟಿವಿಯ ಕಾಲಕ್ಕೆ ಒಪ್ಪುತ್ತಿತ್ತೇನೋ. ಈಗಿನ ಡಿಸ್ಕುಗಳಲ್ಲಿ ಮೊದಲಿನಿಂದ ಕೊನೆಯವರೆಗೆ 1.66:1 ಇದೆ, ಅದೇ ಸರಿ. ಯುದ್ಧಕೋಣೆಯ ನಿಶ್ಚಲತೆಗೆ ಅಲುಗದ ಚೌಕಟ್ಟು ಬೇಕು.

ನನ್ನ ಬಳಿ ಈಗ ಮೂರು ಡಿಸ್ಕುಗಳಿವೆ: ಸೋನಿಯ 2009ರ ಬ್ಲೂರೇ, ಕ್ರೈಟೀರಿಯನ್‌ನ 2016ರ ಬ್ಲೂರೇ, ಮತ್ತು 2020ರಲ್ಲಿ ‘ಕೊಲಂಬಿಯಾ ಕ್ಲಾಸಿಕ್ಸ್’ ಪೆಟ್ಟಿಗೆಯಲ್ಲಿ ‘ಗಾಂಧಿ’, ‘ಲಾರೆನ್ಸ್ ಆಫ್ ಅರೇಬಿಯಾ’ ಮೊದಲಾದವುಗಳ ಜೊತೆ ಬಂದ 4ಕೆ ಡಿಸ್ಕ್. ಮೊನ್ನೆ ಭಾನುವಾರ ಕಾಳಗದ ದೃಶ್ಯವನ್ನು ಮೂರರಲ್ಲೂ ಹಾಕಿ ನೋಡಿದೆ. ಗುಂಡಿನ ಹೊಗೆ, ಓಡುವ ಸೈನಿಕರು, ನಡುವೆ ‘ಶಾಂತಿಯೇ ನಮ್ಮ ಕಸುಬು’ ಎಂದು ಸಾರುವ ಫಲಕ. ಅದು ಅಮೆರಿಕದ ಸ್ಟ್ರಾಟೆಜಿಕ್ ಏರ್ ಕಮಾಂಡಿನ ನಿಜವಾದ ಘೋಷವಾಕ್ಯವಾಗಿತ್ತು. ಕುಬ್ರಿಕ್ ಅದರ ಮೇಲೆ ಕ್ಯಾಮೆರಾ ನಿಲ್ಲಿಸಿ ಬೊಟ್ಟುಮಾಡುವುದಿಲ್ಲ, ಅಲ್ಲಿ ಇರಲು ಬಿಡುತ್ತಾರೆ. 2009ರ ಡಿಸ್ಕಿನಲ್ಲೂ ಫಲಕ ಓದಬಹುದು. ಆದರೆ 4ಕೆಯಲ್ಲಿ ಹೊಗೆಗೂ ಫಿಲ್ಮಿನ ಗ್ರೇನಿಗೂ ವ್ಯತ್ಯಾಸ ಕಾಣುತ್ತದೆ. ಹೊಗೆ ತೇಲುತ್ತದೆ, ಗ್ರೇನ್ ಮರಳಿನಂತೆ ಸಣ್ಣಗೆ ಮಿಸುಕುತ್ತದೆ. ಗ್ರೇನನ್ನು ಕೊಳೆಯೆಂದು ತಿಳಿದು ಉಜ್ಜಿ ತೆಗೆಯುವ ಡಿಸ್ಕುಗಳನ್ನು ನಾನು ಕೊಳ್ಳುವುದಿಲ್ಲ. ಉಜ್ಜಿದ ಮೇಲೆ ಈ ಕಾಳಗ ನ್ಯೂಸ್‌ರೀಲ್ ಆಗಿ ಉಳಿಯುವುದಿಲ್ಲ, ಮುಖಗಳು ಮೇಣದ ಗೊಂಬೆಗಳಾಗುತ್ತವೆ.

4ಕೆ ಡಿಸ್ಕಿನಲ್ಲಿರುವ, ಬೆಳಕು-ಕತ್ತಲಿನ ಅಂತರವನ್ನು ಹೆಚ್ಚಿಸಿ ತೋರಿಸುವ ಡಾಲ್ಬಿ ವಿಷನ್ ಕಪ್ಪು-ಬಿಳುಪಿಗೆ ಯಾಕೆ ಎಂದು ಗೆಳೆಯರೊಬ್ಬರು ಕೇಳಿದರು. ಅವರನ್ನು ಕೂರಿಸಿ ಯುದ್ಧಕೋಣೆ ತೋರಿಸಿದೆ. ದೀಪದ ಬಳೆ ಉರಿಯುವಂತೆ ಕಾಣುತ್ತದೆ, ಕೆಳಗಿನ ಮುಖಗಳು ಬೆಳಗುತ್ತವೆ, ಅವರ ಬೆನ್ನ ಹಿಂದಿನ ಕತ್ತಲು ನಿಜವಾದ ಕತ್ತಲು. ಆ ಕತ್ತಲಿನಲ್ಲೂ ನಿಂತವರ ಭುಜದ ಅಂಚು ಗುರುತಿಸಬಹುದು. ಟರ್ಜಿಡ್‌ಸನ್ ಮುಂದಿರುವ ಕಡತದ ಶೀರ್ಷಿಕೆ ಓದಬಹುದು: ಜಗತ್ತಿನ ಗುರಿಗಳು, ಮೆಗಾಡೆತ್ ಲೆಕ್ಕದಲ್ಲಿ. ಒಂದು ಮೆಗಾಡೆತ್ ಎಂದರೆ ಹತ್ತು ಲಕ್ಷ ಸಾವು. ಆ ನಾಲ್ಕು ಪದಗಳನ್ನು ಓದಿದ ಮೇಲೆ ಜನರಲ್‌ನ ಮಾತಿಗೆ ಬರುವ ನಗು ಗಂಟಲಲ್ಲೇ ನಿಲ್ಲುತ್ತದೆ. ಗೆಳೆಯರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಸ್ಪಷ್ಟತೆ ಕೆಲವು ಗುಟ್ಟುಗಳನ್ನೂ ಬಯಲು ಮಾಡುತ್ತದೆ. ಹಾರುವ ಬಿ-52 ಮಾದರಿ ವಿಮಾನವೆಂದು ಗೊತ್ತಾಗಿಬಿಡುತ್ತದೆ. ಕೆಳಗಿನ ಹಿಮದ ಮೇಲೆ ಒಂದು ಕಡೆ ಬೀಳುವ ನೆರಳು ಬಿ-52ರದಲ್ಲ, ಆ ನೆಲವನ್ನು ಚಿತ್ರೀಕರಿಸಲು ಬಳಸಿದ ಬಿ-17 ವಿಮಾನದ್ದು. ಅದನ್ನು ಅಳಿಸದೆ ಬಿಟ್ಟಿದ್ದಕ್ಕೆ ಜೀರ್ಣೋದ್ಧಾರ ಮಾಡಿದವರನ್ನು ಮೆಚ್ಚುತ್ತೇನೆ.

ಧ್ವನಿಯ ಬಗ್ಗೆ ಒಂದೇ ಮಾತು: ಮೂಲ ಮೋನೋ ಆರಿಸಿಕೊಳ್ಳಿ. 5.1 ಧ್ವನಿಯಲ್ಲಿ ವಿಮಾನದ ಮೊರೆತ ಕೋಣೆ ತುಂಬುತ್ತದೆ ನಿಜ. ಆದರೆ ಅಧ್ಯಕ್ಷ ಮಫ್ಲಿ (ಇದೂ ಸೆಲ್ಲರ್ಸ್ ಅವರ ಪಾತ್ರವೇ), ಕುಡಿದ ಅಮಲಿನಲ್ಲಿರುವ ರಷ್ಯಾದ ಪ್ರಧಾನಿ ಡಿಮಿಟ್ರಿಗೆ ಫೋನಿನಲ್ಲಿ ವಿಷಯ ತಿಳಿಸುವ ದೃಶ್ಯ ಕೇಳಿ. ಆ ಕಡೆಯ ಮಾತು ನಮಗೆ ಕೇಳಿಸುವುದೇ ಇಲ್ಲ. ಸೆಲ್ಲರ್ಸ್ ಅವರ ಉಸಿರು, ತಡವರಿಕೆ, ಮಗುವನ್ನು ಸಮಾಧಾನಪಡಿಸುವ ದನಿ, ಇಷ್ಟರಲ್ಲೇ ಎರಡು ದೇಶಗಳ ನಡುವಿನ ಮಾತುಕತೆ ನಡೆಯುತ್ತದೆ. ಒಂದೇ ಕಡೆಯಿಂದ ಬರುವ ಮೋನೋ ಧ್ವನಿಗೆ ಆ ದೃಶ್ಯ ಹೇಳಿಮಾಡಿಸಿದಂತಿದೆ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಕ್ರೈಟೀರಿಯನ್ ಬ್ಲೂರೇ ಅಮೆರಿಕದ ‘ಎ’ ವಲಯಕ್ಕೆ ಬೀಗ ಹಾಕಿದ ಡಿಸ್ಕ್. ಭಾರತ ‘ಸಿ’ ವಲಯ. ಎಲ್ಲ ಪ್ಲೇಯರಿನಲ್ಲೂ ಓಡುತ್ತದೆಂದು ಮಾರಿದವರು ಭರವಸೆ ಕೊಟ್ಟಿದ್ದರು. ಮನೆಗೆ ತಂದು ಹಾಕಿದರೆ ವಲಯ ಹೊಂದುತ್ತಿಲ್ಲವೆಂಬ ಸಂದೇಶ ಬಿಟ್ಟರೆ ಬೇರೇನೂ ಬರಲಿಲ್ಲ, ವಾಪಸೂ ತೆಗೆದುಕೊಳ್ಳಲಿಲ್ಲ. ವಲಯದ ಹಂಗಿಲ್ಲದ ಪ್ಲೇಯರ್ ಕೊಳ್ಳುವವರೆಗೆ ತಿಂಗಳುಗಟ್ಟಲೆ ಅದು ಕಪಾಟಿನಲ್ಲೇ ಇತ್ತು. 4ಕೆ ಡಿಸ್ಕುಗಳಿಗೆ ಈ ಬೀಗವಿಲ್ಲ, ಬೆಂಗಳೂರಿನ ಪ್ಲೇಯರಿನಲ್ಲೂ ತೊಂದರೆಯಿಲ್ಲದೆ ಓಡುತ್ತವೆ. ಹಾಗಾಗಿ ಒಂದೇ ಕೊಳ್ಳುವುದಾದರೆ 2020ರ 4ಕೆ ಕೊಳ್ಳಿ. ಚಿತ್ರದ ಜೊತೆ ಸಂದರ್ಶನ, ಬರಹಗಳೂ ಬೇಕೆನ್ನುವವರು ಕ್ರೈಟೀರಿಯನ್ ಕಡೆ ನೋಡಿ.

ಡಿಸ್ಕ್ ಹಾಕುವ ಮುನ್ನ ಟಿವಿಯ ಸೆಟ್ಟಿಂಗಿಗೆ ಹೋಗಿ ಚಲನೆಯನ್ನು ನುಣುಪು ಮಾಡುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಇಕ್ಕೆಲದ ಸಣ್ಣ ಕಪ್ಪು ಪಟ್ಟಿಗಳನ್ನು ತುಂಬಿಸಲೆಂದು ಜೂಮ್ ಮಾಡಬೇಡಿ. ಕೋಣೆಯ ದೀಪವನ್ನೂ ಆರಿಸಿ. ಚಿತ್ರ ಇರುವುದು ಸುಮಾರು 95 ನಿಮಿಷ, ನಡುವೆ ಏಳಬೇಡಿ. ಗಾಲಿಕುರ್ಚಿಯ ದೃಶ್ಯ ಬಂದಾಗ ಒಂದು ಸಲ ಸೆಲ್ಲರ್ಸ್ ಅವರಿಂದ ಕಣ್ಣು ಕಿತ್ತು ಹಿಂದೆ ನಿಂತವರನ್ನು ನೋಡಿ.