ಮಾಷ್ಟ್ರ ಜರ್ಮನಿ ಪಟ್ಟಿ: ಒಂದು ವಿಮರ್ಶೆ

ನಮ್ಮೂರ ನಿವೃತ್ತ ಮಾಷ್ಟ್ರು ಮಗಳ ಮನೆಗೆಂದು ಜರ್ಮನಿಗೆ ಹೊರಟಿದ್ದಾರೆ. ಅವರು ಮಗಳ ಮನೆಯ ಸೋಫಾದಲ್ಲಿ ಕೂತು ಬರುವ ಜನ ಅಲ್ಲ. ಹನ್ನೆರಡು ದಿನ ಅಲ್ಲಿನ ಕವಿಗಳ ಮನೆ, ಮ್ಯೂಸಿಯಂ, ಪುಸ್ತಕ ಭಂಡಾರ ನೋಡುವುದೆಂದು ಒಂದು ಪಟ್ಟಿ ಮಾಡಿ, ವಾಚನಾಲಯದ ತಿಂಗಳ ಕೂಟದಲ್ಲಿ ಓದಿದರು. ಕೊನೆಗೆ "ತಪ್ಪಿದ್ದರೆ ಹೇಳಿ" ಅಂದರು. ಅದು ಮರ್ಯಾದೆಗೆ ಆಡಿದ ಮಾತು, ಗೊತ್ತುಂಟು. ಆದರೆ ನಾನು ಪಟ್ಟಿಯ ಪ್ರತಿಯನ್ನು ಮನೆಗೆ ತಂದೆ. ಅಡಿಕೆ ಸುಲಿಯುತ್ತಾ ಮೊಮ್ಮಗಳ ಹತ್ತಿರ ಒಂದೊಂದೇ ಹೆಸರು ಹುಡುಕಿಸಿ ಓದಿಸಿ ಕೇಳಿದೆ. ಈಗ ಹೇಳುತ್ತೇನೆ.

ಪಟ್ಟಿ ಹೀಗುಂಟು. ಫ್ರಾಂಕ್‌ಫರ್ಟ್ ಎರಡು ದಿನ, ಕಾಸೆಲ್ ಅರ್ಧ ದಿನ, ವೈಮರ್ ಒಂದೂವರೆ, ಲೈಪ್‌ಜಿಗ್ ಒಂದು, ಬರ್ಲಿನ್ ನಾಲ್ಕು, ಮ್ಯೂನಿಕ್ ಎರಡು, ಸ್ಟುಟ್‌ಗಾರ್ಟ್ ಒಂದು. ಶನಿವಾರ ಶುರು.

ಫ್ರಾಂಕ್‌ಫರ್ಟ್ ಸರಿಯೇ. ಗಯಟೆ ಕವಿ 1749ರಲ್ಲಿ ಹುಟ್ಟಿದ ಮನೆ ಅಲ್ಲಿದೆ. 1944ರ ಬಾಂಬಿಗೆ ಆ ಮನೆ ನೆಲಸಮ ಆಗಿತ್ತು. ಒಳಗಿನ ಸಾಮಾನನ್ನು ಮೊದಲೇ ಬೇರೆ ಕಡೆ ಸಾಗಿಸಿದ್ದರಿಂದ, ಯುದ್ಧ ಮುಗಿದ ಮೇಲೆ ಮನೆಯನ್ನು ಹಿಂದಿನ ಹಾಗೆಯೇ ಕಟ್ಟಿ ಸಾಮಾನನ್ನು ಪುನಃ ತಂದಿಟ್ಟರು. ಮನೆ ಹೊಸತು, ಪೆಟ್ಟಿಗೆ ಪಠಾರಿ ಹಳತು. ನಮ್ಮಲ್ಲಿ ಇದರ ಉಲ್ಟಾ. ತರವಾಡು ಮನೆ ನಿಂತಿರುತ್ತದೆ, ಒಳಗಿನದ್ದೆಲ್ಲ ಗುಜರಿಗೆ ಹೋಗಿರುತ್ತದೆ.

ವೈಮರ್‌ನಲ್ಲಿ ಗಯಟೆ ಮತ್ತು ಷಿಲ್ಲರ್ ಇಬ್ಬರ ಮನೆಗಳೂ ಉಂಟು. 2004ರಲ್ಲಿ ಬೆಂಕಿ ಬಿದ್ದು ಸಾವಿರಾರು ಪುಸ್ತಕ ಉರಿದುಹೋದ ಅನ್ನಾ ಅಮಾಲಿಯಾ ಗ್ರಂಥಾಲಯವೂ ಉಂಟು. ಮಾಷ್ಟ್ರು ಇಷ್ಟನ್ನೂ ಬರೆದಿದ್ದಾರೆ. ಅದೇ ಊರಿನ ಪಕ್ಕದ ಗುಡ್ಡದಲ್ಲಿ 1937ರಲ್ಲಿ ಹಿಟ್ಲರನ ಜನ ಬುಖೆನ್‌ವಾಲ್ಡ್ ಎಂಬ ಸೆರೆಶಿಬಿರ ಕಟ್ಟಿ ಲಕ್ಷಗಟ್ಟಲೆ ಜನರನ್ನು ಕೂಡಿಹಾಕಿದ್ದು ಮಾತ್ರ ಪಟ್ಟಿಯಲ್ಲಿಲ್ಲ. ಕವಿಯ ಮನೆ ನೋಡಿ ಗುಡ್ಡದ ಕಡೆ ತಿರುಗದೆ ಬಂದರೆ ಅರ್ಧ ಊರು ನೋಡಿದ ಹಾಗೆ. ಲೈಪ್‌ಜಿಗ್‌ನಲ್ಲಿ ಬಾಖ್ ಇಪ್ಪತ್ತೇಳು ವರ್ಷ ಸಂಗೀತ ನಡೆಸಿದ ಇಗರ್ಜಿ ಉಂಟು, ಅಲ್ಲಿಗೆ ಒಂದು ದಿನ ಸಾಕು.

ನನ್ನ ನಿಜವಾದ ತಕರಾರು ಕಾಸೆಲ್‌ನದು.

ಮೊದಲನೆಯದು ಲೆಕ್ಕದ ತಪ್ಪು. ಶನಿವಾರ, ಆದಿತ್ಯವಾರ ಫ್ರಾಂಕ್‌ಫರ್ಟ್ ಆದರೆ ಕಾಸೆಲ್ ಬರುವುದು ಸೋಮವಾರ. ಆ ದೇಶದಲ್ಲಿ ಹೆಚ್ಚಿನ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಗ್ರಿಮ್ ಸಹೋದರರ ಮ್ಯೂಸಿಯಂಗೂ ರಜೆಯೇ. ಮಾಷ್ಟ್ರು ಬೀಗ ನೋಡಿ ಬರಬೇಕಾದೀತು.

ಎರಡನೆಯದು ದೊಡ್ಡದು. ಗ್ರಿಮ್ ಅಣ್ಣತಮ್ಮಂದಿರು ಯಾರು ಅಂತ ಶಾಲೆಯ ಮಕ್ಕಳಿಗೂ ಗೊತ್ತು. 1812ರಲ್ಲಿ ಜನರ ಬಾಯಿಯ ಕಥೆಗಳನ್ನು ಪುಸ್ತಕ ಮಾಡಿದವರು. ಆದರೆ ಆ ಬಾಯಿ ಯಾರದ್ದು? ಮಾಷ್ಟ್ರ ಪಟ್ಟಿಯಲ್ಲಿ ಆ ಪ್ರಶ್ನೆಯೇ ಇಲ್ಲ.

ಅದರಲ್ಲಿ ಒಂದು ಬಾಯಿ ಡೊರೋಥಿಯಾ ಫೀಮಾನ್ ಎಂಬ ಹೆಂಗಸಿನದು. 1755ರಲ್ಲಿ ಹುಟ್ಟಿದವಳು. ಅಪ್ಪ ಹೆದ್ದಾರಿ ಬದಿಯಲ್ಲಿ ಊಟ ವಸತಿಯ ಹೋಟೆಲು ನಡೆಸುತ್ತಿದ್ದ. ಗಾಡಿಯವರು, ಸಿಪಾಯಿಗಳು ತಂಗುವ ಜಾಗ. ಅಂಥಲ್ಲಿ ಬೆಳೆದವಳ ಕಿವಿಗೆ ಬೀಳದ ಕಥೆ ಯಾವುದು! ಮುಂದೆ ದರ್ಜಿಯೊಬ್ಬನನ್ನು ಮದುವೆಯಾಗಿ, ತೋಟದ ತರಕಾರಿಯನ್ನು ಕಾಸೆಲ್ ಪೇಟೆಗೆ ತಂದು ಮಾರುತ್ತಿದ್ದಳು. 1813ರಲ್ಲಿ ಗ್ರಿಮ್ ಮನೆಗೆ ಬಂದು ಕಥೆ ಹೇಳತೊಡಗಿದಳು. ಸುಮಾರು ನಲುವತ್ತು ಕಥೆ ಅವಳದ್ದೇ. ಎರಡೇ ವರ್ಷದಲ್ಲಿ, 1815ರಲ್ಲಿ, ತೀರಿಹೋದಳು. ಗ್ರಿಮ್‌ನವರು ಮುನ್ನುಡಿಯಲ್ಲಿ ಅವಳ ಬಗ್ಗೆ ಬರೆದರು, ಮುಂದಿನ ಮುದ್ರಣದಲ್ಲಿ ಅವಳ ಚಿತ್ರವನ್ನೂ ಹಾಕಿದರು. ಮೊದಲು ಸಲೀಸಾಗಿ ಹೇಳುತ್ತಿದ್ದಳಂತೆ, ಕೇಳಿಕೊಂಡರೆ ಬರೆದುಕೊಳ್ಳಲಿಕ್ಕೆ ಆಗುವ ಹಾಗೆ ನಿಧಾನಕ್ಕೆ ಇನ್ನೊಮ್ಮೆ ಹೇಳುತ್ತಿದ್ದಳಂತೆ, ಮಾತು ಬದಲಾಗುತ್ತಿರಲಿಲ್ಲವಂತೆ.

ಆದರೆ ಅವಳನ್ನು ಅಪ್ಪಟ ಜರ್ಮನ್ ರೈತ ಹೆಂಗಸು ಅಂತ ತೋರಿಸಿದರು. ಅವಳು ದರ್ಜಿಯ ಹೆಂಡತಿ. ಅವಳ ಹಿರಿಯರಲ್ಲಿ ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದವರಿದ್ದರು. ಹೆಸರು ಕೊಟ್ಟರು, ವೇಷ ಬದಲಿಸಿದರು. ಕಥೆಗೂ ಹಾಗೆಯೇ ಮಾಡಿದರು. ಮೊದಲ ಮುದ್ರಣದಲ್ಲಿ ಹಿಮಬಿಳುಪಿನ ಹುಡುಗಿಯನ್ನು ಕೊಲ್ಲಿಸಹೊರಟವಳು ಹೆತ್ತ ತಾಯಿ. 1819ಕ್ಕೆ ಅವಳು ಮಲತಾಯಿ ಆದಳು. ಅವರು ಅಂಚಿನಲ್ಲಿ ಕೈಬರಹದ ಟಿಪ್ಪಣಿ ಮಾಡಿಕೊಂಡ ಸ್ವಂತ ಪ್ರತಿಗಳು ಕಾಸೆಲ್‌ನಲ್ಲೇ ಇವೆ, 2005ರಲ್ಲಿ ಯುನೆಸ್ಕೋದವರು ಅವನ್ನು ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿದ್ದಾರೆ. ಕವಿ ಮಲಗಿದ ಮಂಚಕ್ಕಿಂತ ಆ ಅಂಚು ನೋಡಬೇಕು ಮಾಷ್ಟ್ರೇ.

ಇದನ್ನು ನಾನು ಇಷ್ಟು ಎಳೆಯಲಿಕ್ಕೆ ಕಾರಣ ಉಂಟು. ನನ್ನ ಅಮ್ಮ ನೇಜಿ ನೆಡುವಾಗ ಕಬಿತ ಹೇಳುತ್ತಿದ್ದಳು. ಗದ್ದೆಯ ಸಾಲಿಗೆ ಅವಳೇ ಮುಂದೆ. ನಾನಿನ್ನೂ ಮೀಸೆ ಬಂದ ಹುಡುಗ ಆಗಿದ್ದಾಗ, ಒಬ್ಬರು ಟೇಪ್ ರೆಕಾರ್ಡರ್ ಹಿಡಿದು ಮನೆಗೆ ಬಂದರು. ಅಂಗಳದಲ್ಲಿ ಕೂರಿಸಿ ಹಾಡು ಅಂದರು. ಅಮ್ಮನಿಗೆ ಎರಡು ಸಾಲಿನ ಮೇಲೆ ಬರಲೇ ಇಲ್ಲ. ಕೈಯಲ್ಲಿ ನೇಜಿ ಇಲ್ಲ, ಓ ಅನ್ನುವ ಹೆಂಗಸರಿಲ್ಲ. ಕಡೆಗೆ ನೆರೆಮನೆಯ ನಾಲ್ಕು ಮಂದಿಯನ್ನು ಕರೆದು, ಹುಲ್ಲಿನ ಸೂಡಿ ಕೈಗೆ ಕೊಟ್ಟ ಮೇಲೆ ಬಂತು ನೋಡಿ, ರಾತ್ರಿ ಹನ್ನೊಂದರವರೆಗೆ. ಫೀಮಾನಳ ಹಾಗೆ ಕೂತಲ್ಲೇ ಎರಡೆರಡು ಸಲ ಹೇಳುವುದು ಅವಳಿಂದ ಆಗುವುದಲ್ಲ. ಕೆಲವು ವರ್ಷದ ಮೇಲೆ ಇದೇ ವಾಚನಾಲಯದ ಕಪಾಟಿನಲ್ಲಿ ಆ ಪುಸ್ತಕ ನನಗೆ ಸಿಕ್ಕಿತು. ಹಾಡು ಅಮ್ಮನದ್ದೇ. ಕೆಳಗೆ "ಗದ್ದೆ ಕೆಲಸದ ಹೆಂಗಸೊಬ್ಬಳಿಂದ" ಅಂತ ಅಷ್ಟೇ. ಟೇಪು ಕೇಳಿ ಹೋದೆ. ಅದರ ಮೇಲೆ ಬೇರೆ ಏನೋ ರೆಕಾರ್ಡು ಮಾಡಿ ಆಗಿತ್ತಂತೆ. ಅಮ್ಮನ ಸ್ವರ ಈಗ ಎಲ್ಲಿಯೂ ಇಲ್ಲ. ನನ್ನ ಗಂಟಲಲ್ಲಿ ಸ್ವಲ್ಪ ಉಂಟೋ ಏನೋ.

ಹಾಗಾಗಿ ಬರ್ಲಿನ್ ವಿಷಯಕ್ಕೂ ಬಂದೆ. ನಾಲ್ಕು ದಿನದಲ್ಲಿ ಒಂದು ದಿನ ಪೂರ್ತಿ ಪರ್ಗಮನ್ ಮ್ಯೂಸಿಯಂಗೆ ಇಟ್ಟಿದ್ದಾರೆ. ಅದು 2023ರಿಂದ ದುರಸ್ತಿಗೆ ಮುಚ್ಚಿದೆ. ಆ ದಿನವನ್ನು ಸ್ವರದ ಭಂಡಾರಗಳಿಗೆ ಕೊಡಲಿ. 1900ರಲ್ಲಿ ಕಾರ್ಲ್ ಸ್ಟುಂಫ್ ಎಂಬವರು ಅಲ್ಲಿ ಮೇಣದ ಉರುಳೆಗಳಲ್ಲಿ ದೇಶದೇಶದ ಹಾಡು ಹಿಡಿದಿಡಲಿಕ್ಕೆ ತೊಡಗಿದರು. ಇನ್ನೊಂದು ಭಂಡಾರ ಹಂಬೋಲ್ಟ್ ವಿಶ್ವವಿದ್ಯಾಲಯದ್ದು. ಒಂದನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಭಾರತದ ಸಿಪಾಯಿಗಳನ್ನು ಬರ್ಲಿನ್ ಹತ್ತಿರದ ವುನ್ಸ್‌ಡೋರ್ಫ್ ಶಿಬಿರದಲ್ಲಿ ನಿಲ್ಲಿಸಿ ಹಾಡಿಸಿದ್ದು, ಮಾತಾಡಿಸಿದ್ದು ಅಲ್ಲಿ ಉಂಟು. 1916ರಲ್ಲಿ ಮಾಲ್ ಸಿಂಗ್ ಎಂಬ ಪಂಜಾಬಿನವ ಆ ಯಂತ್ರದ ಮುಂದೆ, ಊರಲ್ಲಿ ಬೆಣ್ಣೆ ತಿನ್ನುತ್ತಿದ್ದ ಒಬ್ಬ ಮನುಷ್ಯ ಇಲ್ಲಿ ಬಂದು ಸಿಕ್ಕಿಬಿದ್ದಿದ್ದಾನೆ, ಅವನಿಗೆ ಊರಿಗೆ ಹೋಗಬೇಕು ಎಂಬರ್ಥದಲ್ಲಿ ತನ್ನ ಕಥೆಯನ್ನೇ ಬೇರೆಯವನ ಕಥೆಯ ಹಾಗೆ ಹೇಳಿದ. ಕೇಳುತ್ತಿದ್ದವರಿಗೆ ಬೇಕಾಗಿದ್ದದ್ದು ಉಚ್ಚಾರ, ಅವನ ಕಷ್ಟ ಅಲ್ಲ. ಸೆರೆಯಲ್ಲಿದ್ದವನಿಗೆ ಹಾಡುವುದಿಲ್ಲ ಅನ್ನಲಿಕ್ಕೆ ಎಲ್ಲಿ ಆಗುತ್ತದೆ? ಅದನ್ನು ನಾನು ಹೊಗಳುವುದಿಲ್ಲ. ಆದರೆ ಒಂದೊಂದು ಸ್ವರಕ್ಕೂ ಒಂದು ಫಾರಂ ತುಂಬಿಸಿದ್ದಾರೆ: ಹೆಸರು, ಊರು, ವಯಸ್ಸು, ಕಸುಬು. ಬಂದಿಗೆ ಸಿಕ್ಕಿದ ಆ ಒಂದು ಕಾಗದ ತನ್ನದೇ ಅಂಗಳದಲ್ಲಿ ಕೂತ ನನ್ನ ಅಮ್ಮನಿಗೆ ಸಿಗಲಿಲ್ಲ.

ಇನ್ನು ಸ್ಟುಟ್‌ಗಾರ್ಟ್. ಒಂದೇ ದಿನ, ಅದೂ ಷಿಲ್ಲರ್ ಹುಟ್ಟಿದ ಮಾರ್ಬಾಖ್‌ಗೆ ಮಾತ್ರ. ನಮ್ಮ ಕಡೆಯವರಿಗೆ ಇದು ದೊಡ್ಡ ಅನ್ಯಾಯ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೊಗ್ಲಿಂಗ್ ತೀರಿಕೊಂಡದ್ದು ಅದರ ಪಕ್ಕದ ಎಸ್ಲಿಂಗನ್‌ನಲ್ಲಿ. 1894ರ ಕನ್ನಡ ನಿಘಂಟಿನ ಕಿಟ್ಟೆಲ್ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ನಮ್ಮಿಂದ ತೆಂಕಕ್ಕೆ ತಲಶ್ಶೇರಿಯಲ್ಲಿದ್ದು ಮಲಯಾಳ ನಿಘಂಟು ಮಾಡಿದ ಗುಂಡರ್ಟ್ ಕಡೆಯ ದಿನ ಕಳೆದದ್ದು ಕಾಲ್ವ್‌ನಲ್ಲಿ. ಅವರ ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ, ಅವಳ ಮಗ "ಸಿದ್ಧಾರ್ಥ" ಬರೆದ ಹೆರ್ಮನ್ ಹೆಸ್ಸೆ. ಈ ಮೂರು ಊರಿಗೂ ಸ್ಟುಟ್‌ಗಾರ್ಟ್‌ನಿಂದ ಬೆಳಗ್ಗೆ ಹೋಗಿ ಸಂಜೆ ಬರಬಹುದು.

ಮೊಗ್ಲಿಂಗ್ ದಾಸರ ಪದಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. ಅಲ್ಲಿ ಹೆಸರು ತಪ್ಪಿಹೋಗುವ ಭಯ ಇಲ್ಲ. ದಾಸರು ಅಂಕಿತವನ್ನು ಹಾಡಿನ ಒಳಗೇ ಕಟ್ಟಿಟ್ಟಿದ್ದಾರೆ, ಯಾರು ಬರೆದುಕೊಂಡರೂ ಜತೆಗೆ ಬರುತ್ತದೆ. ಗದ್ದೆಯ ಹಾಡಿಗೆ ಅಂಕಿತ ಇಲ್ಲ. ಕಿಟ್ಟೆಲರ ನಿಘಂಟಿನಲ್ಲಿ ಎಷ್ಟೋ ಗಾದೆಗಳಿವೆ, ಹೇಳಿಕೊಟ್ಟ ಬಾಯಿಗಳು ಯಾರದ್ದೋ.

ಇದನ್ನೆಲ್ಲ ಬರೆದು ಮಾಷ್ಟ್ರಿಗೆ ತೋರಿಸಿದೆ. ಎರಡು ಸಲ ಓದಿದರು, ಒಂದೆರಡು ಕಡೆ ಕಾಗುಣಿತ ತಿದ್ದಿದರು. ಹೊರಡುವುದನ್ನು ಸೋಮವಾರಕ್ಕೆ ದೂಡಿದ್ದಾರೆ. ಕಾಸೆಲ್ ಒಂದೂವರೆ ದಿನ ಆಗಿದೆ, ಬರ್ಲಿನ್ ಮೂರಕ್ಕೆ ಇಳಿದಿದೆ. ಫೀಮಾನ್ ಇದ್ದ ನೀಡರ್‌ಜ್ವೆರೆನ್ ಈಗ ಕಾಸೆಲ್ ಪೇಟೆಯೊಳಗೇ ಸೇರಿಹೋಗಿದೆ, ಅಲ್ಲಿಗೂ ಹೋಗುತ್ತಾರಂತೆ. ಟ್ಯೂಬಿಂಗನ್‌ಗೆ ಜಾಗ ಆಗಬೇಕಾದರೆ ಮ್ಯೂನಿಕ್ ಒಂದು ದಿನ ಕಡಿಮೆ ಮಾಡಬೇಕು. ಅದಕ್ಕೆ ಮಾತ್ರ ಒಪ್ಪಲಿಲ್ಲ. ಅಲ್ಲಿನ ಚಿತ್ರಗಳನ್ನು ನೋಡಬೇಕೆಂದು ನಲುವತ್ತು ವರ್ಷದಿಂದ ಆಸೆ ಇಟ್ಟುಕೊಂಡಿದ್ದಾರಂತೆ. ಮಾತು ಇನ್ನೂ ನಡೆಯುತ್ತಾ ಉಂಟು.