ಸೇವೆಯೂ ಅಪ್ಪಣೆಯೂ

ಪರದೇಶಕ್ಕೆ ಹೋಗಿ, ಅಲ್ಲಿಯ ಅಂಗವಿಕಲ ಮಕ್ಕಳ ಕೇಂದ್ರವೊಂದರಲ್ಲಿ ಕೆಲಕಾಲ ವೇತನವಿಲ್ಲದೆ ದುಡಿದು ಬಂದ ತರುಣರು ತಮ್ಮ ಅನುಭವವನ್ನು ಬರೆದು ಪ್ರಕಟಿಸುವುದು ಈಗ ಅನೇಕ ದೇಶಗಳಲ್ಲಿ ರೂಢಿಯಾಗಿದೆ. ಇಂಥ ಬರಹಗಳನ್ನು ನಾಲ್ಕಾರು ಓದಿದವರಿಗೆ ಅವುಗಳ ಕಟ್ಟು ಪರಿಚಿತವಾಗಿಬಿಡುತ್ತದೆ. ಮೊದಲು ಅಂಜಿಕೆ; ನಡುವೆ ಮಗುವೊಂದರ ನಗೆ; ಕಡೆಯಲ್ಲಿ, ತಾನು ಕೊಟ್ಟುದಕ್ಕಿಂತ ಪಡೆದುದೇ ಹೆಚ್ಚೆಂಬ ಧನ್ಯಭಾವ. ಬರೆದವರ ಸದುದ್ದೇಶದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಓದಿ ಮುಗಿಸಿದಾಗ ಬರೆದವರ ಮನಸ್ಸು ನಮಗೆ ತಿಳಿದಿರುತ್ತದೆ, ಮಗುವಿನದು ತಿಳಿದಿರುವುದಿಲ್ಲ. ಅದು ಏನನ್ನು ತಿನ್ನಲೊಲ್ಲದು, ಯಾರು ಎತ್ತಿಕೊಂಡರೆ ಅಳುತ್ತದೆ, ಆ ತರುಣನು ಊರಿಗೆ ಮರಳಿದ ಮರುದಿನ ಬಾಗಿಲ ಕಡೆಗೆ ನೋಡಿತೇ ಇಲ್ಲವೇ, ಇವುಗಳಲ್ಲಿ ಒಂದೂ ಗೊತ್ತಾಗುವುದಿಲ್ಲ. ಮಗುವು ಅಲ್ಲಿ ಪಾತ್ರವಾಗಿಲ್ಲ. ಬರೆದವರು ತಮ್ಮ ಮುಖವನ್ನು ನೋಡಿಕೊಳ್ಳುವ ಕನ್ನಡಿಯಾಗಿದೆ.

ಇದು ಬರಿಯ ಬರವಣಿಗೆಯ ದೋಷವೋ, ಸೇವೆಯಲ್ಲಿಯೇ ಇರುವ ದೋಷವೋ? ಇದನ್ನು ವಿಚಾರಿಸುವುದಕ್ಕೆ ಎರಡು ಚಿಕ್ಕ ಗದ್ಯಗಳನ್ನು ಒಟ್ಟಿಗಿಟ್ಟು ಓದುವುದು ಉಪಯುಕ್ತವೆಂದು ತೋರುತ್ತದೆ. ಒಂದು, 1968ನೆಯ ಏಪ್ರಿಲ್ 20ರಂದು ಮೆಕ್ಸಿಕೋ ದೇಶದ ಕುವೆರ್ನವಾಕದಲ್ಲಿ ಇವಾನ್ ಇಲಿಚ್ ಅವರು ಮಾಡಿದ ಭಾಷಣ. ಇನ್ನೊಂದು, 1958ನೆಯ ಏಪ್ರಿಲ್ 30ರಂದು ಬರ್ಲಿನ್ನಿನಲ್ಲಿ ಲೋಥಾರ್ ಕ್ರೈಸಿಗ್ ಅವರು ಓದಿದ ಮನವಿ. ಎರಡರ ವಿಷಯವೂ ನೇರವಾಗಿ ಅಂಗವಿಕಲ ಮಕ್ಕಳಲ್ಲ. ಆದರೆ ಪರರ ನಾಡಿಗೆ ಸೇವೆಗೆಂದು ಹೋಗುವವರು ಯಾವ ಅಧಿಕಾರದಿಂದ ಹೋಗುತ್ತಾರೆಂಬ ಪ್ರಶ್ನೆಯನ್ನು ಎರಡೂ ಎತ್ತುತ್ತವೆ. ಆ ಪ್ರಶ್ನೆಯು ಮಾತು ಬಾರದ ಮಗುವಿನ ಮುಂದೆ ಬಂದು ನಿಂತಾಗಲೇ ಅತ್ಯಂತ ಕಠಿನವಾಗುವುದು.

ಇಲಿಚ್ ಅವರ ಮುಂದೆ ಕುಳಿತಿದ್ದವರು ಬೇಸಗೆಯ ರಜೆಯನ್ನು ಮೆಕ್ಸಿಕೋದ ಹಳ್ಳಿಗಳ ಸೇವೆಗೆ ಮುಡಿಪಾಗಿಟ್ಟಿದ್ದ ಉತ್ತರ ಅಮೆರಿಕದ ವಿದ್ಯಾರ್ಥಿಗಳು. ಅವರ ಉದಾರತೆಯೇ ತಪ್ಪೆಂದು ಅವರೆದುರಿಗೆ ಸಾರುವ ಧೈರ್ಯ ಈ ಭಾಷಣದ ಜೀವ. ಭಾಷೆ ಬಾರದವನು, ತನ್ನ ದೇಶದ ಸಿರಿಯ ಗತ್ತನ್ನು ತನಗೆ ತಿಳಿಯದಂತೆಯೇ ಹೊತ್ತು ತಂದವನು, ಹಳ್ಳಿಗರಿಗೆ ಉಪಕಾರಮಾಡುವೆನೆಂದರೆ ಅದು ಹೇರಿಕೆಯಾಗುತ್ತದೆ. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧರಿಸಲು ಬರಬೇಡಿ ಎಂಬುದು ಅವರ ವಾದದ ಸಾರ. ಸೇವೆ ಮಾಡಲೇಬೇಕೆಂದಿದ್ದರೆ, ಬೇಡವೆಂದು ನಿಮ್ಮನ್ನು ಅಟ್ಟಬಲ್ಲವರ ನಡುವೆ ಮಾಡಿರೆಂದೂ ಅವರು ಹೇಳುತ್ತಾರೆ. ಓಜಸ್ಸು ತುಂಬಿದ ಗದ್ಯ ಇದು. ಆದರೆ ಅದರ ಕೊರತೆಯೂ ಇಲ್ಲಿಯೇ ಇದೆ. ಬೇಡವೆನ್ನಲಾರದ ಮಗುವಿನ ಗತಿಯೇನು? ಇಲಿಚ್ ಅವರ ತರ್ಕದಂತೆ, ಅದರ ಹತ್ತಿರ ಹೋಗುವ ಹಕ್ಕು ಪರದೇಶೀಯನಿಗೆ ಎಲ್ಲಕ್ಕಿಂತ ಕಡಮೆ. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಆ ಮಗುವಿಗೆ ತುತ್ತಿಡುವ ಕೈಯೊಂದು ಬೇಕೇಬೇಕು. ತರ್ಕ ಮುಗಿಯುವವರೆಗೆ ಹಸಿವು ಕಾಯಲಾರದು. ಭಾಷಣವು ಬಾಗಿಲನ್ನು ಸರಿಯಾಗಿಯೇ ಮುಚ್ಚುತ್ತದೆ. ಒಳಗಿರುವವರ ಊಟದ ವಿಷಯ ಎತ್ತುವುದಿಲ್ಲ.

ಕ್ರೈಸಿಗ್ ಅವರ ಮನವಿಗೆ ಹಿನ್ನೆಲೆ ಬೇಕು. ಅವರು ಹಾವೆಲ್ ನದಿಯ ದಡದ ಬ್ರಾಂಡೆನ್‌ಬುರ್ಗಿನಲ್ಲಿ ನ್ಯಾಯಾಧೀಶರಾಗಿದ್ದರು. ಬುದ್ಧಿವಿಕಲರಾಗಿ ಆಸ್ಪತ್ರೆಗಳಲ್ಲಿದ್ದ ಅನೇಕರಿಗೆ ಪಾಲಕರನ್ನು ಗೊತ್ತುಮಾಡುವ ಕೆಲಸ ಅವರದಾಗಿತ್ತು. 1940ರಲ್ಲಿ ಇಂಥವರ ಮರಣಪತ್ರಗಳು ಒಂದರ ಮೇಲೊಂದು ಮೇಜಿನ ಮೇಲೆ ಬಂದು ಬೀಳತೊಡಗಿದಾಗ ಅವರಿಗೆ ಸತ್ಯ ಹೊಳೆಯಿತು. ಆ ವರ್ಷದ ಜುಲೈ 8ರಂದು ನ್ಯಾಯಮಂತ್ರಿಗೆ ಪತ್ರ ಬರೆದರು. ಕೊಲೆಯೆಂದು ದೂರು ಕೊಟ್ಟರು. ತಮ್ಮ ಅಪ್ಪಣೆಯಿಲ್ಲದೆ ಒಬ್ಬ ರೋಗಿಯನ್ನೂ ಬೇರೆಡೆಗೆ ಸಾಗಿಸಬಾರದೆಂದು ಆಸ್ಪತ್ರೆಗಳಿಗೆ ಆಜ್ಞೆಮಾಡಿದರು. ಅವರನ್ನು ಕೆಲಸದಿಂದ ನಿವೃತ್ತಿಗೊಳಿಸಲಾಯಿತು. 1941ರ ಆಗಸ್ಟಿನೊಳಗೆ ಆರು ಕೇಂದ್ರಗಳಲ್ಲಿ ವಿಷವಾಯುವಿನಿಂದ ಸುಮಾರು 70,000 ಮಂದಿ ಹತರಾದರು. ಆಸ್ಪತ್ರೆಗಳ ಪ್ರತ್ಯೇಕ ವಿಭಾಗಗಳಲ್ಲಿ ಸಹಸ್ರಾರು ಮಕ್ಕಳನ್ನು ಕೊಂದರು.

ಇಷ್ಟು ತಿಳಿದು ಮನವಿಯನ್ನು ಓದಬೇಕು. ಯುದ್ಧವನ್ನು ಆರಂಭಿಸಿದವರು ನಾವು, ಲಕ್ಷಾಂತರ ಯಹೂದ್ಯರನ್ನು ಕೊಂದವರು ನಮ್ಮವರು ಎಂದು ಒಪ್ಪಿಕೊಂಡು, ಅದನ್ನು ಬಯಸದಿದ್ದವರೂ ತಡೆಯುವುದಕ್ಕೆ ಸಾಕಷ್ಟು ಮಾಡಲಿಲ್ಲವೆಂದು ಅದು ಹೇಳುತ್ತದೆ. ಹೀಗೆಂದವರು ತಡೆಯಲು ನಿಂತಿದ್ದ ನ್ಯಾಯಾಧಿಪತಿ. ಆದರೂ ತಮ್ಮನ್ನು ಅವರು 'ನಾವು' ಎಂಬುದರಿಂದ ಹೊರಗಿಡಲಿಲ್ಲ. ತಮ್ಮ ಸಾಹಸದ ಒಂದು ಮಾತನ್ನೂ ಆಡಲಿಲ್ಲ. ಅನಂತರ ಬರುವ ವಾಕ್ಯದ ಕ್ರಿಯಾಪದವನ್ನು ವಾಚಕರು ಗಮನಿಸಬೇಕು. ನಾವು ನೆರವಾಗುತ್ತೇವೆ ಎಂದು ಅಲ್ಲಿಲ್ಲ. ನಮ್ಮಿಂದ ನೊಂದ ಜನಾಂಗಗಳು ತಮ್ಮ ನಾಡಿನಲ್ಲಿ ನಮ್ಮ ಕೈಯಿಂದ ಏನಾದರೊಂದು ಒಳಿತನ್ನು ಮಾಡಗೊಡಬೇಕೆಂದು ಬೇಡಿಕೊಳ್ಳುತ್ತೇವೆ ಎಂದಿದೆ. ಏನು ಬೇಕೆಂಬುದನ್ನು ಹೇಳುವವರು ಅವರು. ಮಾಡುವವರು ಮಾತ್ರ ಇವರು. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದ ಗುಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ.

ಆದರೆ ವಿಮರ್ಶಕನು ಒಂದು ಮಾತನ್ನು ಮರೆಮಾಚಬಾರದು. ಯಾರಿಗಾಗಿ ಆ ನ್ಯಾಯಾಧೀಶರು ತಮ್ಮ ಪದವಿಯನ್ನು ತೊರೆದರೋ, ಆ ಅಂಗವಿಕಲರ ಹೆಸರು ಈ ಮನವಿಯಲ್ಲಿ ಇಲ್ಲ. ಸ್ವಪ್ರಶಂಸೆಯಾದೀತೆಂಬ ಸಂಕೋಚವೋ, ಆ ಹತ್ಯೆಯು ದೇಶದೊಳಗಿನದೆಂಬ ಭಾವನೆಯೋ, ಹೇಳುವುದು ಕಷ್ಟ. ಕಾರಣ ಏನಾದರಿರಲಿ, ಅದೊಂದು ನ್ಯೂನತೆ.

ಆ ನ್ಯೂನತೆಯನ್ನು ತುಂಬಿದ್ದು ಕಾರ್ಯ. ಮನವಿಯಿಂದ ಹುಟ್ಟಿದ ಸಂಸ್ಥೆಗೆ 'ಪ್ರಾಯಶ್ಚಿತ್ತದ ಗುರುತು' ಎಂಬರ್ಥದ ಹೆಸರು. ಪೋಲೆಂಡ್, ರಷ್ಯ, ಇಸ್ರೇಲ್‌ಗಳಿಂದ ಆರಂಭಿಸಬೇಕೆಂಬುದು ಆಸೆಯಾಗಿದ್ದರೂ, ಮೊದಲ ತಂಡಗಳಿಗೆ 1959ರಲ್ಲಿ ಬಾಗಿಲು ತೆರೆದವು ನಾರ್ವೆ, ಹಾಲೆಂಡ್‌ಗಳು. ಆರಂಭದ ಕೆಲಸಗಳಲ್ಲೊಂದು ಉತ್ತರ ನಾರ್ವೆಯ ತ್ರಾಸ್ತಾದಿನಲ್ಲಿ, ಬುದ್ಧಿವಿಕಲರ ನಿವಾಸವೊಂದಕ್ಕೆ ಕಟ್ಟಡ ಕಟ್ಟುವುದು. ಅಂಗವಿಕಲರನ್ನು ಕೊಂದ ದೇಶದ ತರುಣರು ಪರನಾಡಿನ ಅಂಗವಿಕಲರಿಗೆ ಗೋಡೆ ಎಬ್ಬಿಸಿದರು. ಮನವಿಯು ಬಿಟ್ಟ ಹೆಸರನ್ನು ಇಟ್ಟಿಗೆ ಗಾರೆಗಳು ಹೇಳಿದವು. ಇಂದಿಗೂ ಆ ಸಂಸ್ಥೆಯ ತರುಣರು ಹಲವು ದೇಶಗಳಲ್ಲಿ ಅಂಗವಿಕಲರೊಡನೆ ವರ್ಷಕಾಲ ದುಡಿಯುತ್ತಾರೆ.

ಇನ್ನು ನಮ್ಮ ಮೊದಲ ಪ್ರಶ್ನೆ. ಮಾತು ಬಾರದ ಮಗುವಿನಿಂದ ಅಪ್ಪಣೆ ಪಡೆಯುವುದೆಂತು? ತುತ್ತಿಡುವ ಕೆಲಸವನ್ನು ಬಲ್ಲವರು ಇದಕ್ಕೆ ಉತ್ತರ ಕೊಡಬಲ್ಲರು. ಚಮಚವನ್ನು ತುಟಿಯ ಹತ್ತಿರ ಹಿಡಿದು, ಬಾಯಿ ತಾನಾಗಿ ತೆರೆಯುವವರೆಗೆ ಕಾಯಬೇಕು. ನುಂಗಿದ ಮೇಲೆ ಇನ್ನೊಮ್ಮೆ ಕಾಯಬೇಕು. ಮುಖ ತಿರುಗಿಸಿದರೆ ಚಮಚವನ್ನು ಹಿಂದೆಗೆಯಬೇಕು. ಆ ಕಾಯುವಿಕೆಯೇ ಬೇಡುವಿಕೆ. ಆ ತೆರೆದ ಬಾಯಿಯೇ ಅಪ್ಪಣೆ. ಇಲಿಚ್ ಅವರು ಕೇಳಿದ ನಿರಾಕರಣೆಯ ಹಕ್ಕೂ ಅಲ್ಲಿಯೇ ಇದೆ. ಪರದೇಶದಿಂದ ಬಂದವನು ಇದನ್ನು ಕಲಿಯಬಲ್ಲನು. ಆದರೆ ರಜೆಯ ಕೆಲವೇ ದಿನಗಳಲ್ಲಿ ಅಲ್ಲ, ಕಲಿಸಲು ಅಲ್ಲಿಯ ಆಯಾ ಇಲ್ಲದೆಯೂ ಅಲ್ಲ.

ಸೇವೆಗೆ ಹೋಗಿ ಬಂದು ಬರೆಯುವವರಿಂದ ನಾವು ಬೇಡುವುದು ಇಷ್ಟೆ. ನಿಮ್ಮ ಮನಃಪರಿವರ್ತನೆಯ ಕಥೆಯನ್ನು ಸ್ವಲ್ಪ ಮೊಟಕುಮಾಡಿ, ಆ ಮಗುವು ಎಂದು, ಯಾವುದಕ್ಕೆ, ಬೇಡವೆಂದಿತೆಂಬುದನ್ನು ಬರೆಯಿರಿ. ಅದನ್ನು ಬರೆಯಬಲ್ಲವರು ಆ ಮಗುವನ್ನು ಕಂಡವರು.