‘ಆಸಾ ದೀ ವಾರ್’ ಕಂಡ ನಿಜವಾದ ಸಿಖ್ಖ

ದೆಹಲಿಯಲ್ಲಿ ನೆಲೆಸಿದ ನಾವು ಕನ್ನಡಿಗರು ಸಿಖ್ಖರನ್ನು ಪೇಟದಿಂದ ಗುರುತಿಸುತ್ತೇವೆ. ಬಸ್ಸಿನಲ್ಲಿ, ಕಚೇರಿಯಲ್ಲಿ, ನೆರೆಮನೆಯಲ್ಲಿ ದಿನವೂ ಅವರೊಡನೆ ಬೆರೆತರೂ, ಸರ್ದಾರ್ಜಿ ನಗೆಹನಿಗಳಿಂದಾಚೆ ಅವರ ಧರ್ಮಗ್ರಂಥದತ್ತ ಕಣ್ಣು ಹಾಯಿಸಿದವರು ನಮ್ಮಲ್ಲಿ ವಿರಳ. ಗುರು ನಾನಕರ ‘ಆಸಾ ದೀ ವಾರ್’ ಕೃತಿಯನ್ನು ಹಿಂದೀ ಅನುವಾದದ ನೆರವಿನಿಂದ ಓದಿದಾಗ ನಮಗೆ ಮೊದಲು ಆದದ್ದು ನಾಚಿಕೆ, ಆಮೇಲೆ ಆಶ್ಚರ್ಯ.

‘ವಾರ್’ ಎಂಬುದು ಪಂಜಾಬಿನ ವೀರಗೀತೆ. ಯುದ್ಧದ ಕಥೆ ಹಾಡುವ ನಮ್ಮ ಲಾವಣಿಗಳಿಗೆ ಹತ್ತಿರವಾದದ್ದು. ನಾನಕರು ಈ ಪ್ರಕಾರವನ್ನೇ ಆರಿಸಿಕೊಂಡು ಅದರಲ್ಲಿ ರಣರಂಗವನ್ನು ಮನುಷ್ಯನ ಒಳಗೇ ಇಟ್ಟರು. ಕೃತಿಯಲ್ಲಿ 24 ಪೌಡಿಗಳಿವೆ. ಅವುಗಳ ನಡುವೆ ನಾನಕರ ಮತ್ತು ಎರಡನೆಯ ಗುರು ಅಂಗದರ ಶ್ಲೋಕಗಳು ಬರುತ್ತವೆ. ಪುಸ್ತಕದಲ್ಲಿ ಓದುವಾಗ ಶ್ಲೋಕಗಳು ಪೌಡಿಯ ಓಟವನ್ನು ತಡೆಯುತ್ತವೆ ಎನಿಸಿದ್ದುಂಟು. ನಸುಕಿನಲ್ಲಿ ಗುರುದ್ವಾರಕ್ಕೆ ಹೋಗಿ ಕೀರ್ತನೆಯಲ್ಲಿ ಕೇಳಿದರೆ ಈ ಆಕ್ಷೇಪಣೆ ನಿಲ್ಲದು. ಇದು ಕಿವಿಗಾಗಿ ಹುಟ್ಟಿದ ಕಾವ್ಯ.

ಒಳಗಿನ ಈ ಯುದ್ಧದ ಶತ್ರುವಿನ ಹೆಸರು ‘ಹೌಮೈ’. ಅನುವಾದಕರು ಇದನ್ನು ‘ಅಹಂಕಾರ’ ಎಂದುಬಿಡುತ್ತಾರೆ. ಅಷ್ಟು ಸಾಲದು. ಹೌಮೈ ಎಂದರೆ ಬರಿಯ ಸೊಕ್ಕಲ್ಲ. ಹುಟ್ಟು, ಸಾವು, ಗಳಿಕೆ, ದಾನ, ಪುಣ್ಯ ಎಲ್ಲದರಲ್ಲೂ ‘ನಾನು’ ಎಂದು ನುಸುಳುವ ಭಾವ. ‘ಸಿಖ್’ ಎಂಬ ಮಾತು ‘ಶಿಷ್ಯ’ ಶಬ್ದದಿಂದ ಬಂದದ್ದು. ಆ ಶಿಷ್ಯ ಕಲಿಯಬೇಕಾದ ಪಾಠ ಈ ‘ನಾನು’ವನ್ನು ಕಳೆದುಕೊಳ್ಳುವುದೇ ಆಗಿದೆ.

ಆದುದರಿಂದಲೇ ಕೃತಿ ಹೊರಗಿನ ಗುರುತುಗಳ ಬಗ್ಗೆ ಕಟುವಾಗಿದೆ. ಜನಿವಾರದ ಪ್ರಸಂಗದಲ್ಲಿ ನಾನಕರು ಹತ್ತಿಯ ನೂಲನ್ನು ಒಲ್ಲದೆ ದಯೆ, ಸಂತೃಪ್ತಿ, ಸತ್ಯಗಳಿಂದಾದ ಜನಿವಾರವನ್ನು ಕೇಳುತ್ತಾರೆ. ಸೂತಕದ ನಂಬಿಕೆಯನ್ನೂ ಹೆಣ್ಣನ್ನು ಹೀನವೆನ್ನುವ ರೂಢಿಯನ್ನೂ ಪ್ರಶ್ನಿಸುತ್ತಾರೆ. ವಚನಗಳನ್ನು ಓದಿ ಬೆಳೆದ ನಮಗೆ ಈ ದನಿ ಅಪರಿಚಿತವಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗುರುತುಗಳನ್ನು ಇಷ್ಟು ಕಟುವಾಗಿ ಪ್ರಶ್ನಿಸಿದ ಪರಂಪರೆಗೆ 1699ರಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ಸ್ಥಾಪಿಸಿ ಕೇಶ, ಕೃಪಾಣಾದಿಗಳ ದೀಕ್ಷೆ ಕೊಟ್ಟದ್ದು ವಿರೋಧಾಭಾಸವಲ್ಲವೇ? ನಮಗೆ ಹಾಗೆ ತೋರುವುದಿಲ್ಲ. ಅಂದು ಗುರುಗಳು ತಲೆ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ನಮ್ಮ ಬೀದರಿನ ಸಾಹಿಬ್ ಚಂದ್. ಪರಂಪರೆಯ ಪ್ರಕಾರ ಕ್ಷೌರಿಕ ವೃತ್ತಿಯವರು. ತಲೆಯನ್ನೊಪ್ಪಿಸಿದ ಮೇಲೆ ಬಂದ ಗುರುತು ಅದು. ನಾನಕರು ನಿರಾಕರಿಸಿದ್ದು ಪುಣ್ಯವಂತನೆಂದು ಸಾರುವ ಗುರುತನ್ನು. ಗೋವಿಂದಸಿಂಹರು ಕೊಟ್ಟದ್ದು ಹೊಣೆಯಿಂದ ತಪ್ಪಿಸಿಕೊಳ್ಳಲಾಗದ ಗುರುತನ್ನು. ಅದನ್ನು ಧರಿಸಿಯೂ ಹೌಮೈ ಉಳಿಸಿಕೊಂಡವನಿಗೆ ‘ವಾರ್’ನ ಮಾತು ಜನಿವಾರದವನಿಗೆ ತಗಲಿದಷ್ಟೇ ತಗಲುತ್ತದೆ.

ಈ ಎರಡರ ನಡುವಿನ ಕೊಂಡಿ ಒಂಬತ್ತನೆಯ ಗುರು ತೇಗ್ ಬಹಾದೂರರು. ಕಾಶ್ಮೀರದ ಪಂಡಿತರ ತಿಲಕ-ಜನಿವಾರಗಳ ರಕ್ಷಣೆಗಾಗಿ ಅವರು 1675ರಲ್ಲಿ ಚಾಂದನೀ ಚೌಕದಲ್ಲಿ ಶಿರವನ್ನಿತ್ತರೆಂದು ಸಿಖ್ಖರು ಸ್ಮರಿಸುತ್ತಾರೆ. ಆದಿಗುರುಗಳು ಒಲ್ಲದ ನೂಲಿಗಾಗಿ, ಅದು ನೆರೆಯವನದೆಂಬ ಒಂದೇ ಕಾರಣಕ್ಕೆ, ತಲೆ ಕೊಡುವುದು! ‘ವಾರ್’ಗೆ ಇದಕ್ಕಿಂತ ದೊಡ್ಡ ವ್ಯಾಖ್ಯಾನ ಬೇರೊಂದಿಲ್ಲವೆಂದೇ ನಮ್ಮ ಭಾವನೆ. ನಾವೆಲ್ಲ ಸಂತೆಗೆ ಹೋದಂತೆ ಹೋಗಿಬರುವ ಶೀಶ್‌ಗಂಜ್ ಗುರುದ್ವಾರ ಆ ಸ್ಥಳದಲ್ಲೇ ಇದೆ.

1984ರ ನವೆಂಬರಿನಲ್ಲಿ ಇದೇ ದೆಹಲಿಯಲ್ಲಿ ಸಿಖ್ಖರನ್ನು ಗುರುತು ಹಿಡಿದು ಕೊಂದರು. ಪ್ರಾಣ ಉಳಿಸಿಕೊಳ್ಳಲು ಕೇಶ ಕತ್ತರಿಸಿಕೊಂಡವರೂ ಇದ್ದರು. ಅವರು ನಿಜವಾದ ಸಿಖ್ಖರೇ ಎಂದು ಕೇಳುವ ಅಧಿಕಾರ ನಮಗಿಲ್ಲ. ಈ ಕೃತಿಯನ್ನು ಓದಿದ ಮೇಲೆ ಪ್ರಶ್ನೆ ತಿರುಗಿ ನಮ್ಮ ಕಡೆಗೇ ಬರುತ್ತದೆ: ನೆರೆಯವನ ಗುರುತಿಗೆ ಆಪತ್ತು ಬಂದಾಗ ಬಾಗಿಲು ತೆರೆದವರೆಷ್ಟು ಮಂದಿ, ಮುಚ್ಚಿಕೊಂಡವರೆಷ್ಟು ಮಂದಿ?

ಕಲಿಯುವವನೇ ಸಿಖ್ಖನಾದರೆ, ಈ ಪಾಠ ಪೇಟ ಕಟ್ಟದ ನಮಗೂ ಬಾಕಿಯಿದೆ.